ಹಸಿರು ಗುಂಡಿ ಕೇಳಿದವರು

ನನಗೆ ಒಂದು ಕಡೆ ಕೂತು ಗೊತ್ತಿಲ್ಲ. ಕೂತರೆ ಕಾಲು ಕುಣಿಯುತ್ತದೆ, ಕಾಲನ್ನು ಹಿಡಿದಿಟ್ಟರೆ ಕೈ ಏನನ್ನಾದರೂ ಕೆದಕುತ್ತದೆ. ಗುಂಡಿ ಅಂಗಡಿಯಲ್ಲಿ ಬೆಳೆದವಳಿಗೆ ಕೆದಕಲು ಗುಂಡಿಯಲ್ಲದೆ ಇನ್ನೇನು ಸಿಗುತ್ತದೆ? ಎರಡು ಕಣ್ಣಿನದು, ನಾಲ್ಕು ಕಣ್ಣಿನದು, ಚಿಪ್ಪಿನದು, ಲೋಹದ್ದು ಎಂದು ಡಬ್ಬಿಗಳೊಳಗೆ ಬೆರಳಾಡಿಸುತ್ತಲೇ ಇರುತ್ತೇನೆ. ಅಂಗಡಿ ಅಪ್ಪನದು, ಅಪ್ಪ ಹೋದ ಮೇಲೆ ಅಣ್ಣನದು. ಮುಂದೆ ಗಲ್ಲಾದಲ್ಲಿ ಅಣ್ಣ ಕೂರುತ್ತಾನೆ. ಹಿಂದಿನ ಕೋಣೆಯಲ್ಲಿ ಬಲ್ಬಿನ ಕೆಳಗೆ ನಾನು ಕೂತು, ಜನರ ಹಳೆ ಬಟ್ಟೆ ಬಿಚ್ಚಿ ಹಿಗ್ಗಿಸಿ ಕುಗ್ಗಿಸಿ ಹೊಲಿಯುತ್ತೇನೆ. ನಲವತ್ತು ಹತ್ತಿರ ಬಂದರೂ ಅಣ್ಣನಿಗೆ ನಾನಿನ್ನೂ ಪುಟ್ಟಿ.

"ಏ ಪುಟ್ಟಿ, ಆ ಡಬ್ಬಿ ಸದ್ದು ನಿಲ್ಸು. ತಲೆ ಚಿಟ್ಟು ಹಿಡೀತು."

"ಮಳಿಗೆ ಬೀಗದ ಕೈ ನನ್ನ ಕೈಗೆ ಬಂದ ದಿನ ನಿಲ್ಲಿಸ್ತೀನಿ."

ಮಳಿಗೆ ನಮ್ಮ ಬೀದಿಯ ಮೂಲೆಯಲ್ಲಿತ್ತು. ಹತ್ತಡಿಗೆ ಎಂಟಡಿ, ಒಂದು ಶಟರ್, ಉತ್ತರಕ್ಕೊಂದು ಕಿಟಕಿ. ಉತ್ತರದ ಕಿಟಕಿಯ ಬೆಲೆ ಹೊಲಿಯುವವರಿಗೆ ಮಾತ್ರ ಗೊತ್ತು. ಬಿಸಿಲು ನೇರವಾಗಿ ಬಟ್ಟೆಯ ಮೇಲೆ ಬೀಳುವುದಿಲ್ಲ, ಆದರೆ ಕಪ್ಪು ದಾರ ಯಾವುದು, ಕಡುನೀಲಿ ದಾರ ಯಾವುದು ಎಂದು ಸಂಜೆಯವರೆಗೂ ಕಾಣುತ್ತದೆ. ಹನ್ನೊಂದು ವರ್ಷ ಬಲ್ಬಿನ ಕೆಳಗೆ ಕಣ್ಣು ಕಿರಿದು ಮಾಡಿಕೊಂಡು ಹೊಲಿದವಳಿಗೆ ಆ ಕಿಟಕಿ ಎಂದರೆ ಏನು ಎಂದು ವಿವರಿಸಲು ಹೋದರೆ ಅತ್ತುಬಿಡುತ್ತೇನೆ, ಬೇಡ. ಮಳಿಗೆ ಅದರ ಮೇಲಿನ ಮನೆಯಲ್ಲೇ ವಾಸವಿದ್ದ ಒಬ್ಬ ಅಜ್ಜಿಯದು. ಬರುವ ವಾರ ಶುಕ್ರವಾರ ಮಧ್ಯಾಹ್ನ ಹನ್ನೆರಡರೊಳಗೆ ಅಡ್ವಾನ್ಸ್ ತಂದರೆ ಮಳಿಗೆ ನಿನಗೆ, ಇಲ್ಲದಿದ್ದರೆ ಬೇರೆಯವರಿಗೆ ಎಂದು ಆಕೆ ಕಡ್ಡಿ ಮುರಿದಂತೆ ಹೇಳಿದ್ದಳು. ನಾನು ಕೂಡಿಟ್ಟದ್ದು ಅಡ್ವಾನ್ಸಿಗೆ ಸರಿಯಾಗಿ ಸಾಕಾಗುತ್ತಿತ್ತು.

ಮೊದಲಾಗಿದ್ದರೆ ಸ್ವಲ್ಪ ಮಿಗುತ್ತಿತ್ತು. ಆದರೆ ನಮ್ಮ ಮನೆಯಲ್ಲಿ ಯಾವುದನ್ನೂ ನೇರ ಹೋಗಿ ಕೇಳುವ ಪದ್ಧತಿಯಿಲ್ಲ. "ಬೇಕು ಅಂತ ಮುಖದ ಮೇಲೆ ಬರ್ಕೊಂಡು ಹೋದ್ರೆ ಅಂಗಡಿಯವನು ಓದ್ಬಿಡ್ತಾನೆ" ಎನ್ನುತ್ತಿದ್ದ ಅಪ್ಪ. ಆದ್ದರಿಂದ ಏನು ಕೊಳ್ಳುವುದಿದ್ದರೂ ಮೊದಲು ನೆಂಟರಲ್ಲಿ ಒಬ್ಬರನ್ನು ಕಳಿಸಬೇಕು: "ಸುಮ್ನೆ ಕೇಳ್ಕೊಂಡು ಬಾ." ಮಾರನೇ ದಿನ ಇನ್ನೊಬ್ಬರನ್ನು. ಒಂದೇ ಮುಖ ಎರಡು ಸಲ ತೋರಿಸಬಾರದು. ರೇಟು ಚೆನ್ನಾಗಿ ತಿಳಿದ ಮೇಲೆ ನಾವು ಹೋಗಬೇಕು, ಅದೂ ಬೇಕಿಲ್ಲದವರ ಹಾಗೆ. ಮಳಿಗೆಗೂ ನಾನು ಹಾಗೇ ಮಾಡಿದ್ದೆ. ಮೊದಲು ಚಿಕ್ಕಪ್ಪ ಕೇಳಿ ಬಂದ, ಆಮೇಲೆ ಸೋದರತ್ತೆ, ಆಮೇಲೆ ಅತ್ತಿಗೆಯ ತಮ್ಮ. ಪ್ರತಿ ಸಲವೂ ಅಜ್ಜಿ ಹೇಳುವ ಅಡ್ವಾನ್ಸ್ ಒಂದಿಷ್ಟು ಮೇಲೆ ಹೋಗಿತ್ತು. "ನೋಡಿದ್ಯಾ, ಆ ಮಳಿಗೆಗೆ ಎಷ್ಟು ಗಿರಾಕಿ!" ಎಂದು ಅಣ್ಣ ಕಣ್ಣರಳಿಸಿದ. ನಾನು ಹೆದರಿ ಓಡಿಹೋಗಿ, ಹೇಳಿದ್ದಕ್ಕೆಲ್ಲ ತಲೆಯಾಡಿಸಿ ಶುಕ್ರವಾರದ ಗಡುವು ತಂದಿದ್ದೆ.

ಹಸಿರಿನ ಗಾಳಿ ಬೀಸಿದ್ದು ಆಗಲೇ. ಅಣ್ಣ ಬಸ್ಸಿನಲ್ಲಿ ಬರುವಾಗ ಹಿಂದಿನ ಸೀಟಿನಲ್ಲಿ ಇಬ್ಬರು ಮಾತಾಡಿಕೊಂಡರಂತೆ: ದಿಬ್ಬದ ಮೇಲಿನ ದೊಡ್ಡ ಸ್ಕೂಲು ಈ ವರ್ಷ ಪೂರ್ತಿ ಹಸಿರು. ಅಷ್ಟೇ ಮಾತು. ಆ ಸ್ಕೂಲಿನಲ್ಲಿ ಮೂರು ಸಾವಿರ ಮಕ್ಕಳು, ತಲೆಗೆ ಎರಡು ಅಂಗಿ, ಅಂಗಿಗೆ ಏಳು ಗುಂಡಿ. ಅಣ್ಣ ಬಸ್ಸಿಳಿಯುವ ಹೊತ್ತಿಗೆ ನಲವತ್ತೆರಡು ಸಾವಿರ ಗುಂಡಿ ಹೊಲಿದು ಮುಗಿಸಿದ್ದ.

"ಪುಟ್ಟಿ, ಈ ಊರಲ್ಲಿ ಹಸಿರು ಗುಂಡಿ ಎಷ್ಟಿರಬಹುದು?"

"ಹಸಿರು ಯಾರಿಗೆ ಬೇಕು? ನಮ್ಮಲ್ಲೇ ಅರ್ಧ ಡಬ್ಬಿ ಇದೆ, ಧೂಳು ಹಿಡ್ಕೊಂಡು ಕೂತಿದೆ."

"ಅದೇ ಹೇಳೋದು! ಯಾರ ಹತ್ರಾನೂ ಇಲ್ಲ, ನಾಳೆ ಎಲ್ಲರಿಗೂ ಬೇಕು. ಇದಕ್ಕಿಂತ ಬೇರೆ ವ್ಯಾಪಾರ ಇದೆಯಾ?"

"ಸ್ಕೂಲಿಗೇ ಹೋಗಿ ಕೇಳು ಹಾಗಾದ್ರೆ."

"ಹುಚ್ಚಿ. ಸ್ಕೂಲಿಗೆ ಹೋದ್ರೆ ಇಡೀ ಬೀದಿಗೆ ಸುದ್ದಿ. ಮೊದ್ಲು ರೇಟು ನೋಡೋಣ. ಚಿಕ್ಕಪ್ಪನ್ನ ಕಳಿಸ್ತೀನಿ, ಸುಮ್ನೆ ಕೇಳ್ಕೊಂಡು ಬರ್ಲಿ."

ನಮ್ಮ ಚಿಕ್ಕಪ್ಪ ಮಳೆಯಿರಲಿ ಬಿಸಿಲಿರಲಿ ಕೊಡೆ ಇಲ್ಲದೆ ಹೊಸಿಲು ದಾಟುವವನಲ್ಲ. ಆವತ್ತು ಮೋಡವೂ ಇರಲಿಲ್ಲ, ಬಿಸಿಲೂ ಇರಲಿಲ್ಲ. ಕೊಡೆ ಬಿಚ್ಚಿಕೊಂಡೇ ಹೊರಟ. ನಾಲ್ಕು ಅಂಗಡಿ ತಿರುಗಿ ಬಂದು, ಗ್ರೋಸಿಗೆ ನಲವತ್ತು ಎಂದ. ಗ್ರೋಸ್ ಎಂದರೆ ಹನ್ನೆರಡು ಡಜನ್. ಸಗಟಿನಲ್ಲಿ ಗುಂಡಿ ಮಾರುವುದು ಹಾಗೇ. ಮಾರನೇ ದಿನ ಸೋದರತ್ತೆ ಹೋದಳು. ನಲವತ್ತಾರು ಎಂದು ಬಂದಳು. ಅದರ ಮಾರನೇ ದಿನ ಅತ್ತಿಗೆಯ ತಮ್ಮ, ಬಾಯಲ್ಲಿ ಬೆಂಕಿಕಡ್ಡಿ ಕಚ್ಚಿಕೊಂಡೇ ಹುಟ್ಟಿದವನು, ಹೋಗಿ ಐವತ್ತೈದು ಎಂದ. ಅಣ್ಣ ಗಲ್ಲಾದ ಮೇಲೆ ಕೈ ಬಡಿದ.

"ಮೂರು ದಿನಕ್ಕೆ ಹದಿನೈದು! ಯಾರೋ ಕೊಳ್ತಿದಾರೆ ಪುಟ್ಟಿ. ಯಾರೋ ಭಾರಿ ಕುಳಾನೇ ಇಳಿದಿದೆ."

ಅದೇ ಸಂಜೆ ಗುರುತಿಲ್ಲದವನೊಬ್ಬ ನಮ್ಮ ಅಂಗಡಿಗೂ ಬಂದು, ಹಸಿರು ಗುಂಡಿ ಎಷ್ಟು, ಎಷ್ಟಿದೆ ಎಂದು ಕೇಳಿ ಕೊಳ್ಳದೆ ಹೋದ. ಅಣ್ಣನಿಗೆ ಅಲ್ಲಿಂದ ನಿದ್ದೆ ಹಾರಿತು. ಊರಿನ ಅಂಗಡಿಗಳಲ್ಲಿ ಇದ್ದ ಹಸಿರನ್ನೆಲ್ಲ ಬಾಚತೊಡಗಿದ. ಹೆಚ್ಚು ಸಿಕ್ಕಿದ್ದು ಎದುರಂಗಡಿಯಲ್ಲೇ. ಎದುರಂಗಡಿಯವನನ್ನು ನಾವು ಟೇಪಣ್ಣ ಎನ್ನುತ್ತೇವೆ. ಕುತ್ತಿಗೆಯಲ್ಲಿ ಸದಾ ಅಳತೆಯ ಟೇಪು, ಬಾಯಲ್ಲಿ ಅಳೆದು ಕತ್ತರಿಸಿದ ಮಾತು, ಒಂದಿಂಚು ಹೆಚ್ಚಿಲ್ಲ. ಯಾವುದೋ ಕಾಲದಲ್ಲಿ ತಪ್ಪಿ ತರಿಸಿದ ಹಸಿರು ಗುಂಡಿ ಅವನ ಅಟ್ಟದ ಮೇಲೆ ಪೆಟ್ಟಿಗೆಗಟ್ಟಲೆ ಬಿದ್ದಿತ್ತು. ಅಣ್ಣ ಕೇಳಿದಾಗ ಮೊದಲ ದಿನ "ಇಲ್ಲ" ಎಂದ. ಮಾರನೇ ದಿನ "ಒಂದು ಪೆಟ್ಟಿಗೆ ಇರಬಹುದು" ಎಂದ. ಅದರ ಮಾರನೇ ದಿನ ಇನ್ನೊಂದು ಸಿಕ್ಕಿತು, ರೇಟು ಎಂಟು ಹೆಚ್ಚು. ಹೀಗೆ ದಿನಕ್ಕೊಂದು ಪೆಟ್ಟಿಗೆ ಅವನ ಅಟ್ಟದಿಂದ ಇಳಿದು ಬೀದಿ ದಾಟಿ ನಮ್ಮ ಮನೆ ಸೇರುತ್ತಿತ್ತು. ನಾನು ಹೊಲಿಯುವ ಕೋಣೆಯಲ್ಲಿ ಕಾಲಿಡಲು ಜಾಗವಿಲ್ಲದ ಹಾಗಾಯಿತು.

ಸೋಮವಾರ ಅಣ್ಣನ ಕೈ ಖಾಲಿಯಾಯಿತು. ಊಟದ ಹೊತ್ತಿಗೆ ನನ್ನ ಪಕ್ಕ ಬಂದು ಕೂತ. ಅತ್ತಿಗೆ ಬಡಿಸುವುದನ್ನು ನಿಲ್ಲಿಸಿ ಒಳಗೆ ಹೋದಳು; ಅವಳಿಗೆ ಮೊದಲೇ ಗೊತ್ತಿತ್ತು ಅನ್ನಿ.

"ಪುಟ್ಟಿ, ನಿನ್ನ ದುಡ್ಡು ಬೀರುವಿನಲ್ಲಿ ಸುಮ್ನೆ ಮಲಗಿದೆ."

"ಶುಕ್ರವಾರ ಎದ್ದೇಳುತ್ತೆ. ಅಲ್ಲಿ ತನಕ ಮಲಗ್ಲಿ."

"ಶುಕ್ರವಾರದೊಳಗೆ ಎರಡರಷ್ಟು ಮಾಡಿ ಕೊಡ್ತೀನಿ. ಇವತ್ತು ಎಪ್ಪತ್ತೆರಡು. ನಾಡಿದ್ದು ತೊಂಬತ್ತು. ಮಳಿಗೆ ಒಂದೇ ಅಲ್ಲ, ಹೊಸ ಮಿಷನ್ನೂ ಬರುತ್ತೆ ನಿಂಗೆ."

ಅಣ್ಣ ಮೋಸ ಮಾಡಿದ ಎಂದು ಹೇಳಿದರೆ ನನ್ನ ನಾಲಿಗೆಗೆ ಹುಳ ಬೀಳಲಿ. ನಾನೇ ಎದ್ದೆ, ಕೈಯಾರೆ ತೆಗೆದು ಕೊಟ್ಟೆ. ಹೊಸ ಮಿಷನ್ ಎಂದಾಗ ನನ್ನ ಕಣ್ಣ ಮುಂದೆ ಅದು ಕಿಟಕಿಯ ಪಕ್ಕ ಬಂದು ಕೂತೇಬಿಟ್ಟಿತ್ತು. ಆಸೆ ಎಂದರೆ ಅದೇ, ಇನ್ನೂ ಕೊಳ್ಳದ ಮಿಷನ್ನಿಗೆ ಎಣ್ಣೆ ಬಿಡುವುದು.

ದುಡ್ಡು ಕೊಟ್ಟ ಗಳಿಗೆಯಿಂದ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಮಂಗಳವಾರ ಎರಡು ಪ್ಯಾಂಟಿನ ಕಾಲು ಉದ್ದ ಗಿಡ್ಡ ಹೊಲಿದೆ. ಬುಧವಾರ ಸೂಜಿ ಬೆರಳಿಗೆ ಹೊಕ್ಕಿತು. ಗುರುವಾರ ಬೆಳಿಗ್ಗೆ ತಡೆಯಲಾಗದೆ, ಅಣ್ಣನಿಗೂ ಹೇಳದೆ, ಬಸ್ ನಿಲ್ದಾಣದ ಹತ್ತಿರದ ದಾರದ ಅಂಗಡಿಗೆ ಹೋದೆ. ಹಿಂದಿನ ಕೋಣೆಯಲ್ಲೇ ಇರುವ ನನ್ನ ಮುಖ ಆ ಕಡೆಯವರಿಗೆ ಗೊತ್ತಿಲ್ಲ. ಅಂಗಡಿಯಲ್ಲಿ ದಪ್ಪ ಕನ್ನಡಕದ ಹೆಂಗಸೊಬ್ಬಳು ದಾರದ ಉಂಡೆ ಜೋಡಿಸುತ್ತಿದ್ದಳು.

"ಹಸಿರು ಗುಂಡಿ ಇದೆಯಾ? ಸುಮ್ನೆ ರೇಟು ಕೇಳೋಣ ಅಂತ ಬಂದೆ."

ಆಕೆ ಉಂಡೆ ಕೆಳಗಿಟ್ಟಳು. "ಏನಾಗಿದೆಯಮ್ಮ ಈ ಊರಿಗೆ? ಹತ್ತು ವರ್ಷದಿಂದ ಒಬ್ಬರೂ ಹಸಿರು ಕೇಳಿಲ್ಲ. ಹತ್ತು ದಿನದಿಂದ ನೀವು ಐದನೆಯವರು."

"ಉಳಿದವರು ಯಾರು?"

"ಗೊತ್ತಿಲ್ಲಪ್ಪ. ಮೊದ್ಲು ಒಬ್ಬ ಮುದುಕಪ್ಪ ಬಂದ, ಅಂಗಡಿಯೊಳಗೂ ಕೊಡೆ ಹಿಡ್ಕೊಂಡೇ ನಿಂತಿದ್ದ. ಆಮೇಲೆ ಒಬ್ಬಾಕೆ, ರೇಟು ಕೇಳಿ ಎರಡು ಲೋಟ ನೀರು ಕುಡಿದು ಹೋದ್ಲು. ಆಮೇಲೆ ಒಬ್ಬ ಹುಡುಗ, ಬಾಯಲ್ಲಿ ಬೆಂಕಿಕಡ್ಡಿ. ಕೊನೆಗೆ ಒಬ್ಬ ದಢೂತಿ ಮನುಷ್ಯ ಬಂದು ಇದ್ದಬದ್ದದ್ದೆಲ್ಲ ಹೊತ್ಕೊಂಡು ಹೋದ."

ದಢೂತಿ ಮನುಷ್ಯ ನಮ್ಮಣ್ಣ. ಎಲ್ಲಿ ಹೋದರೂ ನೀರು ಕೇಳುವವಳು ನಮ್ಮ ಸೋದರತ್ತೆ, ನೀರಿಗೆ ದುಡ್ಡಿಲ್ಲವಲ್ಲ ಎನ್ನುವುದು ಅವಳ ತತ್ವ. ನನಗೆ ನಗು ಬಂತು, ಆಮೇಲೆ ಲೆಕ್ಕ ಹೊಳೆಯಿತು. ಬೇಡಿಕೆಯಿಲ್ಲ, ಗಿರಾಕಿಯಿಲ್ಲ, ಭಾರಿ ಕುಳವೂ ಇಲ್ಲ. ಊರಿಗೆ ಊರೇ ಕೇಳುತ್ತಿದೆ ಎಂದು ನಾವು ಕೊಂಡದ್ದು, ಕೇಳಿದ ಊರು ನಾವೇ. ಚಿಕ್ಕಪ್ಪ ಕೇಳಿದ್ದಕ್ಕೆ ರೇಟು ಏರಿತು, ಅತ್ತೆ ಅದನ್ನು ನೋಡಿಕೊಂಡು ಬಂದಳು, ಅತ್ತೆ ಕೇಳಿದ್ದಕ್ಕೆ ಇನ್ನೂ ಏರಿತು, ಕಡ್ಡಿ ಕಚ್ಚಿದವನು ಅದನ್ನು ನೋಡಿಕೊಂಡು ಬಂದ.

"ಅಂದ ಹಾಗೆ ಅವನ ಕಣ್ಣು ತಪ್ಪಿ ಒಂದು ಡಬ್ಬಿ ಉಳಿದಿದೆ" ಎಂದಳು ಆಕೆ. "ನೀವು ಬರೋ ತನಕ ಎಂಬತ್ತೈದು ಅಂತ ಇದ್ದೆ. ಇಷ್ಟು ಜನ ಕೇಳ್ತಿದಾರೆ ಅಂದ್ಮೇಲೆ ತೊಂಬತ್ತಕ್ಕೆ ಕಮ್ಮಿ ಇಲ್ಲ."

ಅಲ್ಲಿಂದ ನೇರ ದಿಬ್ಬ ಹತ್ತಿದೆ. ಓಡಿದೆ ಎಂದರೂ ಸರಿ. ಸ್ಕೂಲಿನ ಗೇಟಿಗೆ ಏಣಿ ಒರಗಿಸಿ ಇಬ್ಬರು ಪೇಂಟರುಗಳು ಬಣ್ಣ ಬಳಿಯುತ್ತಿದ್ದರು. ಗೇಟು ಹಸಿರು, ಕಿಟಕಿ ಸರಳು ಹಸಿರು, ಕಾಂಪೌಂಡು ಹಸಿರು, ಪೇಂಟರುಗಳ ಕಿವಿಯೂ ಹಸಿರು. ಕಾವಲಿನವನನ್ನು ಯೂನಿಫಾರಂ ಬಗ್ಗೆ ಕೇಳಿದೆ. "ಯೂನಿಫಾರಮ್ಮಾ? ಅದೇ ಬಿಳಿ ಅಂಗಿ, ಬಿಳಿ ಗುಂಡಿ. ಅದನ್ನ ಯಾಕೆ ಬದಲಾಯಿಸ್ತಾರೆ?" ಎಂದ. ಅಣ್ಣನ ಸ್ಕೂಲು ಪೂರ್ತಿ ಹಸಿರಾದದ್ದು ಹೀಗೆ.

ಮನೆಗೆ ಬಂದು ಎಲ್ಲ ಹೇಳಿದಾಗ ಅಣ್ಣ ಮೊದಲು ನಂಬಲಿಲ್ಲ.

"ಬೆಂಕಿಯಿಲ್ಲದೆ ಹೊಗೆ ಆಡುತ್ತಾ ಪುಟ್ಟಿ?"

"ಹೊಗೇನೂ ನಾವೇ, ಬೆಂಕೀನೂ ನಾವೇ, ಈಗ ಸುಟ್ಕೊಳ್ಳೋರೂ ನಾವೇ. ನನ್ನ ದುಡ್ಡು ಕೊಡು."

ಅವನು ಪೆಟ್ಟಿಗೆಗಳ ಕಡೆ ನೋಡಿದ. ಅಷ್ಟು ದೊಡ್ಡ ದೇಹ ಸ್ಟೂಲಿನ ಮೇಲೆ ಕುಸಿದು ಕೂತಿದ್ದು ನೋಡಿ ನನಗೆ ಪಾಪ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ, ಸಿಟ್ಟೇ ಬಂತು. "ಗುಂಡಿ ವ್ಯಾಪಾರದಲ್ಲಿ ಎರಡೇ ದಾರಿ. ಒಂದು ಗುಂಡಿ ಮಾರೋದು, ಇನ್ನೊಂದು ಗುಂಡಿಗೆ ಬೀಳೋದು" ಎಂದು ಅಪ್ಪ ತಮಾಷೆ ಮಾಡುತ್ತಿದ್ದ. ಅದನ್ನು ಅವನ ಮುಖಕ್ಕೆ ಹೇಳಿದೆ.

ಅಣ್ಣ ತಗ್ಗಿದ ದನಿಯಲ್ಲಿ ಹೇಳಿದ. "ಇದು ನಮಗೆ ಮಾತ್ರ ಗೊತ್ತು. ಬೀದಿಯಲ್ಲಿ ಈಗ್ಲೂ ತೊಂಬತ್ತೇ. ಬೇಕಾದವರು ಒಬ್ಬರೇ ಒಬ್ಬರು ಬಂದ್ರೆ ಸಾಕು, ನಾಳೆ ಹನ್ನೆರಡರೊಳಗೆ ನಿನ್ನ ಮಳಿಗೆ ನಿಂಗೆ. ಅಲ್ಲಿ ತನಕ ಬಾಯಿಗೆ ಬೀಗ ಹಾಕು."

ಶುಕ್ರವಾರ ಬೆಳಿಗ್ಗೆ ಅವನು ಗಿರಾಕಿ ಹುಡುಕಲು ಊರ ಆ ತುದಿಗೆ ಹೋದ. ಗಲ್ಲಾದಲ್ಲಿ ನಾನು. ಗಡಿಯಾರ ನೋಡುವುದು, ಬಾಗಿಲಿಗೆ ಬರುವುದು, ಮತ್ತೆ ಒಳಗೆ ಹೋಗುವುದು. ಹತ್ತೂಕಾಲಿಗೆ ಒಬ್ಬರು ಬಂದೇಬಿಟ್ಟರು. ಆ ಜಾಗದಲ್ಲಿ ಯಾರು ಬಂದಿದ್ದರೂ ನಾನು ಮಾರಿಬಿಡುತ್ತಿದ್ದೆನೇನೋ, ಗೊತ್ತಿಲ್ಲ. ಬಂದವರು ಮಾಸ್ಟರ್.

ಮಾಸ್ಟರ್ ಇಪ್ಪತ್ತು ವರ್ಷದಿಂದ ಆ ಸ್ಕೂಲಿನ ಯೂನಿಫಾರಂ ಹೊಲಿಯುವವರು. ನನ್ನ ಕೈಗೆ ಕತ್ತರಿ ಕೊಟ್ಟು, "ಮೊದ್ಲು ಕಣ್ಣಲ್ಲಿ ಕತ್ತರಿಸು, ಆಮೇಲೆ ಕೈಯಲ್ಲಿ" ಎಂದು ಕಲಿಸಿದವರು. ಈಗ ಸಣ್ಣ ಚೀಲವೊಂದನ್ನು ಎದೆಗೆ ಅವಚಿಕೊಂಡು ನಿಂತಿದ್ದರು. ಉಸಿರು ಸಿಕ್ಕುತ್ತಿರಲಿಲ್ಲ.

"ಮಗಳೇ, ಹಸಿರು ನಾಲ್ಕು ಕಣ್ಣಿಂದು ಇಡೀ ಊರಲ್ಲಿ ನಿಮ್ಮಲ್ಲೇ ಇರೋದಂತೆ. ಸ್ಕೂಲು ಈ ವರ್ಷ ಹಸಿರಂತೆ, ಆರ್ಡರ್ ಇನ್ನೂ ಕೈಗೆ ಬಂದಿಲ್ಲ, ಬಂದಾಗ ಗುಂಡಿ ಇರ್ಬೇಕಲ್ಲ. ಎಷ್ಟಿದ್ರೂ ಕೊಡು."

"ಇದೆ ಮಾಸ್ಟರ್. ಆದ್ರೆ ನಿಮಗೆ ಬೇಡ."

"ಬೇಡ ಅಂದ್ರೆ? ತೊಂಬತ್ತು ಅಂತೆ. ಕೊಡ್ತೀನಿ."

"ರೇಟಿನ ಮಾತಲ್ಲ. ಇದು ಯಾರಿಗೂ ಬೇಕಾಗಿಲ್ಲ."

ಅವರು ನನ್ನ ಹಿಂದೆ ಮಾಡಿನವರೆಗೆ ಏರಿದ್ದ ಪೆಟ್ಟಿಗೆಗಳನ್ನು ನೋಡಿ ನಕ್ಕರು. "ಯಾರಿಗೂ ಬೇಡದ್ದನ್ನ ನಿಮ್ಮಣ್ಣ ಮನೆ ತುಂಬ ತುಂಬ್ಕೊಂಡಿದಾನಾ? ಸರಿ, ತೊಂಬತ್ತೈದು."

"ಅಯ್ಯೋ ಮಾಸ್ಟರ್, ಸ್ಕೂಲು ಗೇಟಿಗೆ ಹಸಿರು ಬಳೀತಿದಾರೆ ಅಷ್ಟೇ. ಅಂಗಿ ಬಿಳೀನೇ."

"ನನ್ನ ಕಿವಿ ಮೇಲೆ ಹೂ ಇಡ್ತೀಯಾ? ನಾಳೆ ನೂರಿಪ್ಪತ್ತು ಆಗ್ಲಿ ಅಂತ ಕಾಯ್ತಿದೀಯ. ನೂರು. ಕತ್ತರಿ ಹಿಡಿಯೋದು ಕಲಿಸಿದವನ ಹತ್ರಾನೂ ಇಷ್ಟು ಬಿಗಿನಾ? ನೂರಹತ್ತು."

ಬೇಡ ಎಂದಷ್ಟೂ ಬೆಲೆ ಏರಿತು. ಬೇಡಿಕೆ ಎನ್ನುವ ಮಾತಿನ ಹೊಟ್ಟೆಯಲ್ಲೇ ಬೇಡ ಎನ್ನುವುದು ಕೂತಿದೆಯಲ್ಲ, ಅದು ನನ್ನ ಕಣ್ಣಿಗೆ ಬಿದ್ದದ್ದು ಆವತ್ತು. ನಾನು ಮಾತಾಡದೆ ನಿಂತರೆ ಬಿಗಿಯಾಗಿದ್ದೇನೆ ಎಂದುಕೊಳ್ಳುತ್ತಾರೆ, ನಿಜ ಹೇಳಿದರೆ ಸುಳ್ಳು ಎಂದುಕೊಳ್ಳುತ್ತಾರೆ. ಇನ್ನೆರಡು ಸಲ ಬೇಡ ಎಂದರೆ ಮಳಿಗೆಯೂ ಬರುತ್ತದೆ, ಮಿಷನ್ನೂ ಬರುತ್ತದೆ. ಸುಳ್ಳು ಹೇಳಿದ ಪಾಪವೂ ಇಲ್ಲ, ನಾನು ಬೇಡ ಎಂದೇ ಹೇಳಿದ್ದೇನಲ್ಲ! ನನಗೆ ಆಸೆಯಾಯಿತು. ಎಷ್ಟು ಆಸೆಯಾಯಿತೆಂದರೆ ಮೊದಲ ಪೆಟ್ಟಿಗೆಯ ಮೇಲೆ ಕೈ ಇಟ್ಟೇಬಿಟ್ಟೆ.

"ಅಷ್ಟು ದುಡ್ಡು ಎಲ್ಲಿಂದ ಬಂತು ಮಾಸ್ಟರ್?" ಎಂದೆ.

"ಓವರ್‌ಲಾಕ್ ಮಿ‍ಷನ್ ಮಾರಿಬಿಟ್ಟೆ ನಿನ್ನೆ. ಇರ್ಲಿ ಬಿಡು, ಗುಂಡಿ ಇಲ್ಲದೆ ಆರ್ಡರ್ ಕೈಬಿಟ್ರೆ ಮಿಷನ್ ಇಟ್ಕೊಂಡು ಏನ್ ಮಾಡ್ಲಿ?"

ಆ ಮಿಷನ್ನಿನ ಮೇಲೇ ನಾನು ಅಂಚು ಹೊಲಿಯುವುದು ಕಲಿತದ್ದು. ಪೆಟ್ಟಿಗೆಯಿಂದ ಕೈ ತೆಗೆದೆ. ಅಂಗಡಿಯ ಬಾಗಿಲು ಎಳೆದು, ಅವರ ರಟ್ಟೆ ಹಿಡಿದು, "ನಡೀರಿ" ಎಂದೆ. "ಎಲ್ಲಿಗೆ?" "ದಿಬ್ಬಕ್ಕೆ. ನಿಮ್ಮ ಕಣ್ಣಲ್ಲೇ ಕತ್ತರಿಸಿ."

ಅವರಿಗೆ ಮಂಡಿ ನೋವು. ಅರ್ಧ ದಿಬ್ಬಕ್ಕೆ ಮೂರು ಸಲ ಕೂತರು. ನಾನು ಅವರ ಪಕ್ಕ ಕಾಲು ಕುಣಿಸುತ್ತ, ಒಂದು ಕಣ್ಣು ಅವರ ಮೇಲೆ, ಒಂದು ಕಣ್ಣು ಬಿಸಿಲಿನ ಮೇಲೆ ಇಟ್ಟುಕೊಂಡು ನಿಂತೆ. ಅವರನ್ನು ಅಲ್ಲೇ ಬಿಟ್ಟು ಓಡಿಹೋಗಿ ಅಜ್ಜಿಯ ಕಾಲು ಹಿಡಿಯೋಣವೇ ಎನ್ನಿಸಿತು. ಗೇಟು ಸಿಕ್ಕಿದಾಗ ಪೇಂಟರುಗಳು ಎರಡನೇ ಕೋಟು ಬಳಿಯುತ್ತಿದ್ದರು. ಮಾಸ್ಟರ್ ಕಾವಲಿನವನನ್ನು ಕೇಳಿದರು, ಆಫೀಸಿನ ಕ್ಲರ್ಕನ್ನು ಕರೆಸಿ ಕೇಳಿದರು, ಆಮೇಲೆ ಕಾಂಪೌಂಡಿಗೆ ಒರಗಿ ಕೂತರು. ಬೆನ್ನಿಗೆ ಹಸಿರು ಹತ್ತಿತು.

"ಮಾರಿಬಿಡಬಹುದಿತ್ತಲ್ಲ ಮಗಳೇ ನೀನು" ಎಂದರು.

"ಹೂಂ. ಮಾರಬಹುದಿತ್ತು."

"ಮಿಷನ್ ವಾಪಸ್ ಕೇಳ್ತೀನಿ. ತಗೊಂಡವನು ಕೊಡ್ತಾನೆ ಅನ್ಸುತ್ತೆ."

"ನೀವೇ ಹೋಗಿ ಕೇಳಿ. ನಮ್ಮ ಚಿಕ್ಕಪ್ಪನ್ನ ಮಾತ್ರ ಕಳಿಸ್ಬೇಡಿ" ಎಂದೆ. ಅವರು ನಕ್ಕರು. ನನಗೆ ನಗಲಾಗಲಿಲ್ಲ. ಹನ್ನೆರಡು ಹೊಡೆದು ಆಗಿತ್ತು.

ನಾವಿಬ್ಬರೂ ಗುಂಡಿಯಿಲ್ಲದೆ, ಮಾಸ್ಟರ್ ಬೆನ್ನಿಗೆ ಬಣ್ಣ ಹತ್ತಿಸಿಕೊಂಡು ದಿಬ್ಬ ಇಳಿದದ್ದೇ ಬೀದಿಗೆ ಸಾಕಾಯಿತು. ಯೂನಿಫಾರಂ ಮಾಸ್ಟರ್ ಸ್ಕೂಲಿಗೆ ಹೋಗಿ ಖಾಲಿ ಕೈಯಲ್ಲಿ ಬಂದರು ಎಂದರೆ ಇನ್ನೇನು ಹೇಳಬೇಕು? ನಾವು ಮೊದಲ ಅಂಗಡಿ ದಾಟುವಾಗ ತೊಂಬತ್ತು ಇದ್ದದ್ದು ಕೊನೆಯ ಅಂಗಡಿ ದಾಟುವಾಗ ಮೂವತ್ತಕ್ಕೆ ಬಂದಿತ್ತು. ಆ ಮೂವತ್ತಕ್ಕೂ ಕೊಳ್ಳುವವರಿಲ್ಲ.

ಅಜ್ಜಿಯ ಮೆಟ್ಟಿಲನ್ನು ಎರಡೆರಡಾಗಿ ಹತ್ತಿದೆ.

"ಅಜ್ಜಿ, ಎರಡು ವಾರ ಕೊಡಿ. ಇನ್ನೊಂದು ಮಾತು, ಸಿಟ್ಟಾಗ್ಬೇಡಿ. ಮಳಿಗೆ ಕೇಳೋಕೆ ಬಂದ್ರಲ್ಲ, ಕೊಡೆಯವರು, ನೀರು ಕುಡಿದವರು, ಎಲ್ಲ ನಮ್ಮನೆಯವರೇ. ನಿಜವಾಗಿ ಬೇಕಾಗಿದ್ದದ್ದು ನನಗೊಬ್ಬಳಿಗೇ."

ಅಜ್ಜಿ ಕನ್ನಡಕ ತೆಗೆದು ನನ್ನನ್ನೇ ನೋಡಿದಳು. "ಅಯ್ಯೋ ಪೆದ್ದಿ. ಅದಕ್ಕೂ ಮುಂಚೆ ಮೂರು ತಿಂಗಳು ಒಬ್ಬರೂ ಈ ಕಡೆ ತಲೆ ಹಾಕಿರ್ಲಿಲ್ಲ. ನೀನೇ ಬಂದು ಕೇಳಿದ್ರೆ ಅರ್ಧಕ್ಕೆ ಕೊಡ್ತಿದ್ದೆ. ಸಾಲುಸಾಲಾಗಿ ಬಂದ್ರಲ್ಲ ಅಂತ ಏರಿಸ್ದೆ."

"ಈಗ ಕೊಡಿ ಅಜ್ಜಿ."

"ಈಗೆಲ್ಲಿಂದ ಕೊಡ್ಲಿ? ನಿಮ್ಮ ಎದುರಂಗಡಿಯವರು ಹತ್ತು ಗಂಟೆಯಿಂದ ಮೆಟ್ಟಿಲ ಮೇಲೆ ಕೂತಿದ್ರು. ಹನ್ನೆರಡು ಹೊಡೀತು, ಪೂರ್ತಿ ಎಣಿಸಿ ಕೊಟ್ರು. ಕೀ ತಗೊಂಡು ಹೋದ್ರು."

ಕೆಳಗೆ ಇಳಿದೆ. ಶಟರ್ ಅರ್ಧ ಎತ್ತಿತ್ತು. ಒಳಗೆ ಟೇಪಣ್ಣ ಗೋಡೆಯಿಂದ ಗೋಡೆಗೆ ಟೇಪು ಹಿಡಿದು ಅಳೆಯುತ್ತಿದ್ದ. ನನ್ನ ದುಡ್ಡು ಅಣ್ಣನ ಕೈಯಿಂದ ಅವನ ಅಟ್ಟಕ್ಕೆ ಹೋಗಿ, ಅಲ್ಲಿಂದ ಇಳಿದು, ನನಗಿಂತ ಮುಂಚೆ ಈ ಮಳಿಗೆಗೆ ಬಂದು ಸೇರಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರೆ. ಇಲ್ಲಿ ತುತ್ತನ್ನು ನಾವೇ ಕಲಸಿ ಇನ್ನೊಬ್ಬನ ಬಾಯಿಗೆ ಇಟ್ಟಿದ್ದೆವು.

"ಗೊತ್ತಿತ್ತಲ್ವಾ ನಿಮಗೆ?" ಎಂದೆ. "ಸ್ಕೂಲಿಗೆ ಹಸಿರು ಗುಂಡಿ ಬೇಕಾಗಿಲ್ಲ ಅಂತ ಗೊತ್ತಿದ್ದೂ ಮಾರಿದ್ರಿ."

"ಸ್ಕೂಲಿಂದು ನನಗೆ ಗೊತ್ತಿರ್ಲಿಲ್ಲಮ್ಮ" ಎಂದ ಅವನು. "ನಿಮ್ಮ ಚಿಕ್ಕಪ್ಪನಿಗೆ ಕಾಲು ನೋವು. ಬೇರೆ ಅಂಗಡಿಗೆ ಹೋಗೋ ಮುಂಚೆ ಮೊದ್ಲು ಎದುರಿಗಿರೋ ನನ್ನಲ್ಲೇ ಕೇಳಿದ್ರು. ಆಮೇಲೆ ನಿಮ್ಮ ಸೋದರತ್ತೆ. ನಾನೂ ನಮ್ಮ ಅಳಿಯನ್ನ ಕಳಿಸಿ ನಿಮ್ಮಲ್ಲಿ ವಿಚಾರಿಸ್ದೆ. ಊರಿಗೆ ಬೇಕೋ ಬೇಡವೋ ನಂಗೇನು ಗೊತ್ತು? ನಿಮಗೆ ಬೇಕು ಅಂತ ಗೊತ್ತಾಯ್ತು."

ಅಷ್ಟು ಉದ್ದದ ಮಾತನ್ನು ಅವನು ಆಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಟೇಪು ಸುತ್ತಿ ಕುತ್ತಿಗೆಗೆ ಹಾಕಿಕೊಂಡು ಮತ್ತೆ ಹೇಳಿದ.

"ಆಲ್ಟರೇಷನ್ ಅಂಗಡಿ ಇಡ್ತಿದೀನಿ ಇಲ್ಲಿ. ಹೊಲಿಯೋರು ಸಿಗ್ತಿಲ್ಲ. ನೀನು ಬರ್ತೀಯಾ? ತಿಂಗಳಿಗೆ ಒಂಬತ್ತು ಸಾವಿರ."

"ಬೇಡ" ಎಂದೆ. ಸಿಟ್ಟಿನಿಂದ ಹೇಳಿದ್ದು, ವ್ಯಾಪಾರದಿಂದಲ್ಲ.

"ಹತ್ತು."

"ಬೇಡ ಅಂದೆನಲ್ಲ."

ಅವನು ಗದ್ದ ಕೆರೆದ. ಈ ಊರಲ್ಲಿ ಕೈಹೊಲಿಗೆ, ಮಿಷನ್ ಹೊಲಿಗೆ ಎರಡೂ ಬಲ್ಲವರು ಮಾಸ್ಟರ್ ಬಿಟ್ಟರೆ ನಾನೊಬ್ಬಳೇ ಎಂದು ಅವನಿಗೂ ಗೊತ್ತು. "ಹನ್ನೊಂದೂವರೆ" ಎಂದ.

ಇನ್ನೊಂದು ಸಲ ಬೇಡ ಎಂದಿದ್ದರೆ ಹನ್ನೆರಡು ಆಗುತ್ತಿತ್ತು, ಹದಿಮೂರೂ ಆಗುತ್ತಿತ್ತೇನೋ. ಬೆಳಿಗ್ಗೆಯಿಂದ ಅದನ್ನೇ ತಾನೇ ನಾನು ಕಲಿತದ್ದು? ಬಾಯಿ ತೆರೆದೆ. ಆಗ ಅವನ ಹಿಂದೆ ಕಿಟಕಿ ಕಂಡಿತು. ಒಂದು ಗಂಟೆಯ ಬಿಸಿಲು ಬೀದಿಯನ್ನು ಸುಡುತ್ತಿದ್ದರೂ ಒಳಗೆ ಬೆಳಕು ತಣ್ಣಗೆ, ಒಂದೇ ಸಮ, ನೆಲದ ಮೇಲೆ ಬಿದ್ದಿತ್ತು. ಅಲ್ಲಿ ಬಿದ್ದಿದ್ದ ಒಂದು ತುಂಡು ದಾರ ಕಪ್ಪಲ್ಲ, ಕಡುನೀಲಿ ಎಂದು ನಿಂತಲ್ಲಿಂದಲೇ ನನಗೆ ಕಾಣುತ್ತಿತ್ತು.

"ಮಿಷನ್ ಎಲ್ಲಿ ಹಾಕ್ತೀರಾ?" ಎಂದು ಕೇಳಿದೆ. "ಆ ಕಿಟಕಿ ಪಕ್ಕಾನಾ?"

ಕೇಳಿಬಿಟ್ಟೆ. ಟೇಪಣ್ಣ ತಿರುಗಿ ಕಿಟಕಿ ನೋಡಿದ, ಆಮೇಲೆ ನನ್ನ ಮುಖ ನೋಡಿದ, ಅದರ ಮೇಲೆ ಬರೆದದ್ದನ್ನು ನಿಧಾನವಾಗಿ ಓದಿಕೊಂಡ.

"ಪಕ್ಕಾನೇ" ಎಂದ. "ಒಂಬತ್ತು ಸಾವಿರ."

ಸೋಮವಾರದಿಂದ ಬರುತ್ತೇನೆ ಎಂದೆ.